ಮಾದಮ್ಮನ ಹಾಡು ಬರಲಿಲ್ಲ

ಮದನ,

ಕಂಪ್ಯೂಟರ್ ಮುಟ್ಟಬೇಡ. ಪಾಸ್‌ವರ್ಡ್ ಬದಲಾಯಿಸಿದ್ದೇನೆ, ಕೇಳಲೂ ಬೇಡ.

"ಫ್ರೀ ಕಣಕ್ಕಾ, ಸಿಸ್ಟಮ್ ಫಾಸ್ಟಾಯ್ತದೆ" ಅಂತ ನೀನು ಹಾಕಿದ ಕ್ಲೀನರ್, ನಾನು ಎರಡು ವರ್ಷ ಊರೂರು ಅಲೆದು ರೆಕಾರ್ಡ್ ಮಾಡಿದ್ದ ಸೋಬಾನೆ ಹಾಡುಗಳನ್ನೆಲ್ಲ ಅಳಿಸಿಹಾಕಿತು. ಏನಿದೆ ಎಂದು ನೋಡದೆ 'ಎಸ್' ಒತ್ತಿದವನು ನೀನು. ಸಾಲದು ಅಂತ ಖಾಲಿಯಾದ ಜಾಗಕ್ಕೆ ಸಿನಿಮಾ ಬೇರೆ ತುಂಬಿದ್ದೀಯ.

ಅಳಿಸಿದ್ದನ್ನು ವಾಪಸ್ ತರುವ ಸಾಫ್ಟ್‌ವೇರೂ ಪುಕ್ಕಟೆಯೇ ಸಿಗುತ್ತದೆ, ಹುಡುಕುವ ವ್ಯವಧಾನ ಬೇಕು ಅಷ್ಟೆ. ಅದನ್ನು ಪೆನ್‌ಡ್ರೈವಿನಿಂದ ಓಡಿಸಿದೆ. ಮೂವತ್ತೊಂದು ಹಾಡು ಬಂದವು. ನಿನ್ನ ಸಿನಿಮಾ ಕೂತ ಜಾಗದಲ್ಲಿದ್ದ ಒಂದು ಬರಲಿಲ್ಲ. ಅದು ಹುಲ್ಲಹಳ್ಳಿಯ ಮಾದಮ್ಮನವರದು. ಅವರು ಯುಗಾದಿಗೆ ಮುಂಚೆ ತೀರಿಕೊಂಡರು, ಇನ್ನೊಮ್ಮೆ ಹಾಡಿಸುವ ಹಾಗಿಲ್ಲ.

ಉಳಿದವು ನನ್ನ ಬ್ಯಾಗಿನಲ್ಲಿವೆ. ನಾನು ದೇವನೂರಿಗೆ ಹೊರಟೆ, ಸಂಜೆ ಬರುತ್ತೇನೆ.

ಹನ್ನೊಂದು ಗಂಟೆಗೆ ಮಾದಮ್ಮನವರ ಮಗಳು ರೋಜಾ ಮನೆಗೆ ಬರುತ್ತಾಳೆ. "ಅವ್ವನ್ ದನಿ ಒಂದ್ಸಲ ಕೇಳ್ಬೇಕು ಕಣಕ್ಕ" ಅಂತ ನಿನ್ನೆ ಫೋನಿನಲ್ಲಿ ಅಂದಳು. ಬಾ ಅಂದುಬಿಟ್ಟೆ. ಕೂರಿಸಿ, ಕಾಫಿ ಕೊಟ್ಟು, ನೀನೇ ಹೇಳು. "ಸಿಸ್ಟಮ್ ಕೆಟ್ಟೋಯ್ತು" ಅನ್ನಬೇಡ. "ನಾನೇ ಅಳಿಸ್ದೆ" ಅನ್ನು.

ರುದ್ರಾಣಿ