ಅವ್ವನ ಬೆಳ್ಳಿ ಕರಡಿಗೆ

ಅಣ್ಣಿಗೇರಿ
೧೧-೩-೧೯೭೪, ಸೋಮವಾರ

ಅವ್ವನ ಮೇಲೆ ಇವತ್ತು ಕೂಗಾಡಿದೆ. ಅದೇ ಮನಸ್ಸನ್ನು ಕೊರೆಯುತ್ತಿದೆ.

ಹತ್ತಿ ಗಿರಣಿ ಮುಚ್ಚಿ ಎರಡು ತಿಂಗಳಾಯಿತು. ಅಲ್ಲಿ ಗುಮಾಸ್ತನಾಗಿದ್ದ ನನಗೆ ಬೇರೆ ಕೆಲಸ ಸಿಕ್ಕಿಲ್ಲ. ಮನೆಯಲ್ಲಿ ಜೋಳ ತೀರಿತ್ತು. ಬೆಳಿಗ್ಗೆ ಪೂಜೆ ಮುಗಿಸಿದ ಅವ್ವ ತನ್ನ ಇಷ್ಟಲಿಂಗವನ್ನು ಬಿಳಿ ಅರಿವೆಯಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಳು. ಲಿಂಗ ಇಡುತ್ತಿದ್ದ, ಈಗ ಬರಿದಾದ ಬೆಳ್ಳಿ ಕರಡಿಗೆಯನ್ನು ನನ್ನ ಕೈಗಿಟ್ಟಳು. ಅದು ಅವಳ ತವರಿನದು.

"ಬ್ಯಾಡಬೇ," ಎಂದೆ.

"ಲಿಂಗ ನನ್ನ ಕೂಡ ಐತಲ್ಲೋ. ಬೆಳ್ಳಿ ಪತ್ತಾರಗ ಕೊಟ್ಟು ಜ್ವಾಳ ತಾ."

ತಲೆ ತಗ್ಗಿಸಿಕೊಂಡು ಅಕ್ಕಸಾಲಿಗನ ಅಂಗಡಿಗೆ ಹೋಗಿ ಮಾರಿದೆ. ಜೋಳದ ಚೀಲ ತಂದು ಇಳಿಸುತ್ತಲೇ ಅವ್ವ, "ಅರ್ಧಾ ಹನಮವ್ವಗ ಕೊಟ್ಟು ಬಾ," ಎಂದಳು. ಹನಮವ್ವನ ಗಂಡ ನಮ್ಮ ಗಿರಣಿಯಲ್ಲೇ ಹಮಾಲನಾಗಿದ್ದ.

"ನಿನಗ ತಲಿ ಕೆಟ್ಟೈತೇನು? ನಾಳೆ ನಾವೇನ್ ತಿನ್ನೂಣು?" ಎಂದು ಚೀರಿದೆ.

"ನಮಗ ಮಾರಾಕ ಬೆಳ್ಳಿಯರ ಇತ್ತು. ಅವರಿಗೇನೈತಿ? ಶಿವಾ ನಮಗಷ್ಟ ಅದಾನೇನು?"

ಸಿಟ್ಟಿನಲ್ಲೇ ಹೊತ್ತುಕೊಂಡು ಹೋದೆ. ಹನಮವ್ವ ನಿಂತಲ್ಲೇ ಒಂದು ಹಿಡಿ ಹಸಿ ಜೋಳ ಬಾಯಿಗೆ ಹಾಕಿಕೊಂಡು ಅಗಿದಳು. ಆಮೇಲೆ ನನ್ನನ್ನು ಕಂಡು ನಾಚಿ, ಬಾಯಿಗೆ ಸೆರಗು ಅಡ್ಡ ಹಿಡಿದಳು.

ಅವ್ವ ಆಗಲೇ ನಿದ್ದೆ ಹೋಗಿದ್ದಾಳೆ. ಅವಳ ನಂಬಿಕೆ ನನಗೆ ಬಂದಿಲ್ಲ. ಉಳಿದದ್ದೂ ತೀರಿದ ಮೇಲೇನು ಎಂಬ ಅಂಜಿಕೆ ಬಿಟ್ಟಿಲ್ಲ. ಆದರೂ ಗಿರಣಿ ತೆರೆಸಪ್ಪಾ ಶಿವನೇ ಎಂದು ಕೈಮುಗಿದಾಗ, ಎರಡು ತಿಂಗಳಲ್ಲಿ ಮೊದಲ ಸಲ ನನಗಾಗಿ ಎನ್ನಲಿಲ್ಲ, ನಮ್ಮೆಲ್ಲರಿಗಾಗಿ ಎಂದೆ.