ಉಪವಾಸದ ದಿನದ ಮೀಟರ್

ಎಂಜಿನಿಯರ್ ಸಾಹೇಬರಿಗೆ, ಕೊಳಚೆ ನೀರು ಶುದ್ಧಿ ಮಾಡುವ ಘಟಕದಿಂದ ಮೀಟರ್ ಬರೆಯುವವಳ ನಮಸ್ಕಾರ.

ಇವತ್ತು ನನ್ನ ಉಪವಾಸ. ಅಂಗಳ ಗುಡಿಸಿ, ಸ್ನಾನ, ಪೂಜೆ ಮುಗಿಸಿ ಬರೆಯುತ್ತಿದ್ದೇನೆ. ತೊಟ್ಟಿಗೆ ಗಾಳಿ ಊದುವ ಎರಡನೇ ಯಂತ್ರ ಹದಿನೈದು ದಿನಕ್ಕೊಮ್ಮೆ ಕರೆಂಟು ಜಾಸ್ತಿ ತಿನ್ನುತ್ತದೆ, ತೆಗೆಸಬೇಕು ಎಂದು ಬರೆದಿದ್ದೀರಂತೆ. ತಪ್ಪು ಯಂತ್ರದ್ದಲ್ಲ, ನನ್ನದು. ದಿನಾ ಏಳಕ್ಕೆ ಮೀಟರ್ ನೋಡುವವಳು ಉಪವಾಸದ ದಿನ ಪೂಜೆ ಮುಗಿಸಿ ಎಂಟಕ್ಕೆ ನೋಡುತ್ತೇನೆ; ಒಂದು ಗಂಟೆಯ ಕರೆಂಟು ಆ ದಿನದ ಲೆಕ್ಕಕ್ಕೆ ಹೆಚ್ಚಾಗಿ ಸೇರುತ್ತದೆ. ಮರುದಿನ ಅಷ್ಟೇ ಇಳಿದಿರುತ್ತದೆ, ಪರೀಕ್ಷಿಸಿ. ಉಪವಾಸ ನನ್ನದು, ಹೊಟ್ಟೆಬಾಕತನದ ಅಪವಾದ ಅದಕ್ಕೆ!

ನಮ್ಮ ಯಜಮಾನರು ಹದಿನೆಂಟು ವರ್ಷ ನಡೆಸಿದ ಯಂತ್ರ ಅದು. "ಏನೇ, ನನ್ನ ಎರಡನೇ ಹೆಂಡ್ತಿ ಇವತ್ತು ಗೊಣಗ್ತಿದ್ದಾಳೆ" ಅನ್ನುತ್ತಿದ್ದರು. ಅವರು ಹೋದ ಮೇಲೆ ಘಟಕದ ಪಕ್ಕದ ನನ್ನ ಈ ಕೋಣೆಗೆ ಕೇಳುವ ದನಿ ಅದೊಂದೇ.

ಇನ್ನೊಮ್ಮೆ ಅಳೆಯಿರಿ. ಮುಂದಿನ ಉಪವಾಸದ ದಿನ ಏಳಕ್ಕೇ ಬರೆದು ಆಮೇಲೆ ಪೂಜೆಗೆ ಕೂರುತ್ತೇನೆ, ದೇವರು ಕಾಯುತ್ತಾನೆ. ಆಗಲೂ ಹೆಚ್ಚು ತಿಂದರೆ ತೆಗೆಸಿ, ಬೇಡ ಅನ್ನುವುದಿಲ್ಲ. ನಿಲ್ಲಿಸುವ ದಿನ ಮಾತ್ರ ಮೊದಲೇ ತಿಳಿಸಿ, ಪಕ್ಕದಲ್ಲಿ ನಿಂತಿರುತ್ತೇನೆ.

ವಾಸನೆಗೆ ಹೆದರಿ ಅಂಚೆಯವನು ಇತ್ತ ಬರುವುದಿಲ್ಲ. ಕೆಸರು ಸಾಗಿಸುವ ಲಾರಿಯ ಡ್ರೈವರಣ್ಣ ಸೋಮವಾರ ನಿಮ್ಮ ಕಚೇರಿಗೆ ಬರುತ್ತಾನೆ. ಉತ್ತರ ಅವನ ಕೈಯಲ್ಲೇ ಕೊಟ್ಟು ಕಳಿಸಿ.

ಇಂತಿ,
ನೀವು ಅಕ್ಕ ಎಂದು ಕರೆದವಳು