ಭತ್ತದ ಬೇರು

೨೩ ಸೆಪ್ಟೆಂಬರ್ ೨೦೨೫, ಮಂಗಳವಾರ. ರಾಯಚೂರು.

ಜಹೀರನ ಉತ್ತರಕ್ಕೆ ಕೆಂಪು ಪೆನ್ನಿನಿಂದ ತಪ್ಪು ಹಾಕಿದ್ದು ಇನ್ನೂ ಕಣ್ಣಮುಂದಿದೆ. ಭತ್ತದ್ದು ತಂತುಬೇರು ಎಂದು ಬರೆದಿದ್ದ. ಸರಿಯಾಗಿಯೇ ಇದೆ. ಅದಕ್ಕೂ ಮೊದಲು ತಿದ್ದಿದ ಹದಿನೇಳು ಪತ್ರಿಕೆಗಳಲ್ಲಿ ತಾಯಿಬೇರು ಎಂದಿತ್ತು, ಎಲ್ಲಕ್ಕೂ ರೈಟ್ ಹಾಕಿದ್ದೆ. ಆಗಸ್ಟ್‌ನಲ್ಲಿ ಸಸ್ಯಶಾಸ್ತ್ರದ ನೋಟ್ಸ್ ಬರೆಸುವಾಗ ಉದಾಹರಣೆಗಳನ್ನು ಅದಲುಬದಲು ಹೇಳಿದವನು ನಾನೇ. ಒಬ್ಬರೂ ತಲೆ ಎತ್ತಿರಲಿಲ್ಲ.

ಮಾನ್ವಿಯ ನಮ್ಮ ಕಾಲೇಜಿನಲ್ಲಿ ಅರ್ಧ ಕ್ಲಾಸು ಭತ್ತ ಬೆಳೆಯುವ ಮನೆಗಳಿಂದ ಬಂದದ್ದು. ಸಿರವಾರದ ಐಶ್ವರ್ಯಳನ್ನು ಕರೆದು ಕೇಳಿದೆ.

“ನಾಟಿಗೆ ನೆಲ್ಲಿನ ಸಸಿ ಕಿತ್ತೀಯಲ್ಲವ್ವಾ, ಬೇರು ಹೆಂಗಿರತದ?”

“ಜುಟ್ಟಿನಂಗ ಇರತದ್ರಿ ಸರ್.”

“ಮತ್ತ ತಾಯಿಬೇರು ಅಂತ ಯಾಕ ಬರದಿ?”

“ಅದು ಹೊಲದಾಗ್ರಿ ಸರ್. ಪರೀಕ್ಷಾದಾಗ ನೀವು ಬರಿಸಿದ್ದ ಬರೀಬೇಕಲ್ರೀ.”

ಅವಳ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಬೈದು ಸುಮ್ಮನಾಗಬಹುದಿತ್ತು. ಒಳ್ಳೆಯ ವಿದ್ಯಾರ್ಥಿ ಹೇಳಿದ್ದನ್ನು ಹೇಳಿದಂತೆ ಬರೆಯಬೇಕು ಎಂದು ಹನ್ನೆರಡು ವರ್ಷದಿಂದ ಹೇಳುತ್ತ ಬಂದವನು ನಾನು.

ನಾಳೆ ಕ್ಲಾಸಿನಲ್ಲಿ ತಪ್ಪು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ಅದನ್ನೂ ನೋಟ್ಸ್‌ನಲ್ಲಿ ಬರೆದುಕೊಳ್ಳುತ್ತಾರೆ.

ಜಹೀರನಿಗೆ ಮಾತ್ರ ಹೇಗೆ ಸರಿಯಾಗಿ ಗೊತ್ತಿತ್ತು ಎಂದು ಹಾಜರಿ ಪುಸ್ತಕ ತೆಗೆದೆ. ನೋಟ್ಸ್ ಬರೆಸಿದ ದಿನ ಅವನು ಗೈರು. ಆ ವಾರವೆಲ್ಲ ದೇವದುರ್ಗದ ಕಡೆ ಭತ್ತದ ನಾಟಿಗೆ ಹೋಗಿದ್ದನಂತೆ.

ಆ ಗೈರುಹಾಜರಿಗೆಂದು ಅವನ ಆಂತರಿಕ ಅಂಕದಲ್ಲಿ ಒಂದನ್ನು ಆಗಲೇ ಕಳೆದಿದ್ದೇನೆ. ಪಕ್ಕದಲ್ಲಿ ಷರಾ ಇದೆ, ನನ್ನದೇ ಕೈಬರಹ: ಕಲಿಕೆಯಲ್ಲಿ ಆಸಕ್ತಿ ಇಲ್ಲ.